ಹತ್ತೊಂಬತ್ತನೆಯ ಶತಮಾನದ ಭೂದಾಖಲೆಗಳ ಕೈಬರಹವನ್ನು ಓದುವ ಕುರಿತು ಅರ್ಜಿದಾರರಿಗೆ ಮಾಹಿತಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಸುತ್ತಮುತ್ತಲಿನ ಗ್ರಾಮಗಳ ಜಮೀನುಗಳು ಇಂದು ಕಾರ್ಖಾನೆ, ಕಚೇರಿ ಹಾಗೂ ವಸತಿ ಬಡಾವಣೆಗಳಾಗಿ ಮಾರ್ಪಟ್ಟಿವೆ. ಆದರೂ ಅವುಗಳ ವಿಸ್ತೀರ್ಣ ಮತ್ತು ಗಡಿಯ ಬಗ್ಗೆ ವಿವಾದ ಉಂಟಾದಾಗ ಹಳೆಯ ಸರ್ವೆ ದಾಖಲೆಗಳನ್ನೇ ಪರಿಶೀಲಿಸಬೇಕಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಬಾಂಬೆ ಪದ್ಧತಿಯನ್ನು ಅನುಸರಿಸಿ 1863ರಲ್ಲಿ ಕಂದಾಯ ಸರ್ವೆ ಆರಂಭವಾಯಿತು. 33 ಅಡಿ ಉದ್ದದ ಸರಪಳಿಯಿಂದ ಅಳೆದು, ಎಕರೆ, ಗುಂಟೆ ಮತ್ತು ಆಣೆಗಳಲ್ಲಿ ವಿಸ್ತೀರ್ಣವನ್ನು ಕೈಬರಹದಲ್ಲಿ ದಾಖಲಿಸಲಾಯಿತು. ಒಂದು ಗುಂಟೆಯು 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ.

ಈ ದಾಖಲೆಗಳನ್ನು ಓದುವಲ್ಲಿ ಆಗುವ ತಪ್ಪುಗಳಿಗೆ ಮಾಸಿದ ಶಾಯಿಯೊಂದೇ ಕಾರಣವಲ್ಲ. ಕಣ್ಣು ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವುದು ದೃಷ್ಟಿಯ ನಡುವಿನ ಅತಿ ಚಿಕ್ಕ ಭಾಗವನ್ನು ಮಾತ್ರ. ಓದುವಾಗ ಅದು ಸೆಕೆಂಡಿಗೆ ಮೂರು ನಾಲ್ಕು ಬಾರಿ ಸಾಲಿನ ಮೇಲೆ ಜಿಗಿಯುತ್ತದೆ. ಉಳಿದುದನ್ನು ಮಿದುಳು ತನ್ನ ಹಿಂದಿನ ಅನುಭವ ಮತ್ತು ಸಂದರ್ಭದ ಆಧಾರದಿಂದ ತುಂಬಿಕೊಳ್ಳುತ್ತದೆ. ಇಂದ್ರಿಯಗಳಿಂದ ಬಂದ ಅಪೂರ್ಣ ಮಾಹಿತಿಯನ್ನು ಮಿದುಳು ನಮ್ಮ ಅರಿವಿಗೆ ಬಾರದಂತೆ ಊಹೆಯಿಂದ ಪೂರ್ಣಗೊಳಿಸುತ್ತದೆಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ್ದು, ಮೈಸೂರಿನಲ್ಲಿ ಸರಪಳಿಯ ಅಳತೆ ನಡೆಯುತ್ತಿದ್ದ 1860ರ ದಶಕದಲ್ಲಿಯೇ ಎಂಬುದು ಗಮನಾರ್ಹ.

ಸಾಮಾನ್ಯ ವಾಕ್ಯದಲ್ಲಿ ಈ ಊಹೆಯು ಬಹುತೇಕ ಸರಿಯಾಗಿರುತ್ತದೆ. ಒಂದು ಅಕ್ಷರ ಅಳಿಸಿದ್ದರೂ ಪದದ ಅರ್ಥ ತಿಳಿಯುತ್ತದೆ. ಅಂಕಿ ಮತ್ತು ಹೆಸರುಗಳ ವಿಷಯ ಹಾಗಲ್ಲ. ಅಕ್ಕಪಕ್ಕದ ಪದಗಳು ಅವುಗಳಿಗೆ ನೆರವಾಗುವುದಿಲ್ಲ. ಆಗ ಮಿದುಳು ತಾನು ನಿರೀಕ್ಷಿಸಿದ್ದನ್ನೇ, ಎಷ್ಟೋ ವೇಳೆ ಅರ್ಜಿದಾರರು ಬಯಸಿದ್ದನ್ನೇ, ಕಾಗದದ ಮೇಲೆ ಕಾಣುತ್ತದೆ. ಕನ್ನಡದ ೩ ಮತ್ತು ೬, ೬ ಮತ್ತು ೯, ಬಾಯಿ ಕೂಡಿಹೋದ ೧ ಮತ್ತು ೦ ಇವು ಹೀಗೆ ಅದಲುಬದಲಾಗುತ್ತವೆ. ೩ ಗುಂಟೆಯನ್ನು ೬ ಎಂದು ಓದಿದರೆ ವ್ಯತ್ಯಾಸವು 3,267 ಚದರ ಅಡಿ, ಅಂದರೆ 30x40 ಅಳತೆಯ ಎರಡು ನಿವೇಶನಗಳಿಗೂ ಹೆಚ್ಚು. ಅಂತೆಯೇ, ಈ ಭಾಗದಲ್ಲಿ ಬಹುವಾಗಿ ಕಂಡುಬರುವ ಮುನಿಯಪ್ಪ, ಮುನಿಶಾಮಪ್ಪ, ಮುನಿವೆಂಕಟಪ್ಪ ಎಂಬ ಹೆಸರುಗಳಲ್ಲಿ ಮೊದಲ ಎರಡು ಅಕ್ಷರಗಳನ್ನು ಕಂಡೊಡನೆ ಉಳಿದುದನ್ನು ಊಹಿಸಿಬಿಡುವುದು ಸಹಜ. "ಬಿನ್" ಎಂಬ ಪದದ ನಂತರ ಬರುವ ತಂದೆಯ ಹೆಸರನ್ನು ಅಕ್ಷರಶಃ ಓದತಕ್ಕದ್ದು.

ಸಂದೇಹ ಬಂದಲ್ಲಿ ಲೆಕ್ಕವೇ ಉತ್ತಮ ಸಾಕ್ಷಿ. ಆಕಾರ್‌ಬಂದ್‌ನಲ್ಲಿ ಒಟ್ಟು ವಿಸ್ತೀರ್ಣ, ಖರಾಬು ಮತ್ತು ಉಳಿಕೆ ವಿಸ್ತೀರ್ಣ ಬೇರೆ ಬೇರೆಯಾಗಿ ನಮೂದಾಗಿರುತ್ತವೆ. ಉದಾಹರಣೆಗೆ, ಒಟ್ಟು 2 ಎಕರೆ 16 ಗುಂಟೆ, ಉಳಿಕೆ 2 ಎಕರೆ 10 ಗುಂಟೆ ಎಂದಿದ್ದರೆ, ಅಸ್ಪಷ್ಟವಾಗಿರುವ ಖರಾಬು ಅಂಕಿಯು 6 ಆಗಿರಲೇಬೇಕು, 3 ಆಗಿರಲು ಸಾಧ್ಯವಿಲ್ಲ. ಲೆಕ್ಕದಿಂದ ತಿಳಿಯದಿದ್ದಲ್ಲಿ, ಅದೇ ಬರಹಗಾರರು ಅದೇ ಪುಟದಲ್ಲಿ ಆ ಅಂಕಿಯನ್ನು ಬೇರೆಡೆ ಹೇಗೆ ಬರೆದಿದ್ದಾರೆಂದು ಹೋಲಿಸಿ ನೋಡಬಹುದು. ಮತ್ತೊಬ್ಬರಿಂದ ಓದಿಸುವುದಾದರೆ, ತಾವು ಓದಿದ ಅಂಕಿಯನ್ನು ಅವರಿಗೆ ಮೊದಲೇ ತಿಳಿಸಬಾರದು. ತಿಳಿಸಿದರೆ ಅವರಿಗೂ ಅದೇ ಅಂಕಿ ಕಾಣುವ ಸಂಭವವಿದೆ.

ಕೈಯಿಂದ ನಕಲು ಮಾಡಿದ ಅಥವಾ ಬೆರಳಚ್ಚು ಮಾಡಿದ ಪ್ರತಿಯಲ್ಲಿ ನಕಲುಗಾರರ ಊಹೆಯೂ ಸೇರಿರುತ್ತದೆ. ಆದುದರಿಂದ ಅರ್ಜಿದಾರರು ಸಾಧ್ಯವಾದಲ್ಲೆಲ್ಲ ಮೂಲ ಪುಟದ ಛಾಯಾಪ್ರತಿ ಅಥವಾ ಸ್ಕ್ಯಾನ್ ಪ್ರತಿಯ ದೃಢೀಕೃತ ನಕಲನ್ನು ಕೋರುವುದು ಸೂಕ್ತ. ಗ್ರಾಮ ನಕ್ಷೆ, ಟಿಪ್ಪಣಿ ಮತ್ತು ಆಕಾರ್‌ಬಂದ್ ಮೂರನ್ನೂ ಒಟ್ಟಿಗೆ ಪಡೆದರೆ ಹೋಲಿಕೆ ಸುಲಭವಾಗುತ್ತದೆ.

ಕಂದಾಯ ದಾಖಲೆಗಳಿಗೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿಯೂ, ಸರ್ವೆ ದಾಖಲೆಗಳಿಗೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿಯೂ ಅರ್ಜಿ ಸಲ್ಲಿಸಬಹುದು. ತಾಲ್ಲೂಕುಗಳು ಪುನರ್‌ರಚನೆಯಾಗಿರುವುದರಿಂದ ಹಳೆಯ ದಾಖಲೆಯಲ್ಲಿ ತಾಲ್ಲೂಕಿನ ಹೆಸರು ಬೇರೆಯಾಗಿರಬಹುದು. ಅರ್ಜಿಯಲ್ಲಿ ಗ್ರಾಮ, ಹೋಬಳಿ ಮತ್ತು ಸರ್ವೆ ನಂಬರನ್ನು ತಪ್ಪದೆ ನಮೂದಿಸಬೇಕು. ದಾಖಲೆಗಳನ್ನು ಹೋಲಿಸಿದ ಮೇಲೂ ಗಡಿಯ ಬಗ್ಗೆ ಸಂದೇಹ ಉಳಿದಲ್ಲಿ ಹದ್ದುಬಸ್ತಿಗಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ.