ವಾದದ ವೇದಿಕೆಯಿಂದ ದ್ವೇಷದ ಹೊತ್ತಿಗೆಯವರೆಗೆ

1854ರ ಎಪ್ರಿಲ್ 10ರಂದು ಆಗ್ರಾ ನಗರದಲ್ಲಿ ಒಂದು ಸಾರ್ವಜನಿಕ ಸಂವಾದ ಏರ್ಪಟ್ಟಿತ್ತು. ಒಂದು ಕಡೆ ಜರ್ಮನ್ ಪಾದ್ರಿ ಕಾರ್ಲ್ ಫಾಂಡರ್. ಇಸ್ಲಾಮ್ ಸತ್ಯಧರ್ಮವಲ್ಲವೆಂದು ಸಾಧಿಸಲು 'ಮೀಝಾನುಲ್ ಹಕ್' ಎಂಬ ಗ್ರಂಥವನ್ನೇ ರಚಿಸಿದ್ದವರು. ಇನ್ನೊಂದು ಕಡೆ ಮೌಲಾನಾ ರಹ್ಮತುಲ್ಲಾ ಕೈರಾನವಿ. ಅವರ ಪಕ್ಕದಲ್ಲಿ ಡಾ. ವಝೀರ್ ಖಾನ್ ಕುಳಿತಿದ್ದರು. ಬೈಬಲಿನ ಕುರಿತು ಯುರೋಪಿನ ವಿದ್ವಾಂಸರೇ ಬರೆದ ವಿಮರ್ಶೆಗಳನ್ನು ಅವರು ಇಂಗ್ಲಿಷಿನಲ್ಲಿ ಓದಿ ಸಿದ್ಧರಾಗಿ ಬಂದಿದ್ದರು. ಚರ್ಚಿಸಬೇಕಾದ ವಿಷಯಗಳನ್ನು ಎರಡೂ ಪಕ್ಷದವರು ಪತ್ರಮುಖೇನ ಮೊದಲೇ ಗೊತ್ತುಪಡಿಸಿಕೊಂಡಿದ್ದರು.

ಅಂದು ಅಲ್ಲಿ ಆಡಿದ ಮಾತುಗಳು ಮೃದುವಾಗಿರಲಿಲ್ಲ. ಒಬ್ಬರ ಪವಿತ್ರ ಗ್ರಂಥವನ್ನು ಇನ್ನೊಬ್ಬರು ತಿದ್ದಲ್ಪಟ್ಟದ್ದೆಂದರು. ಇವರ ಪ್ರವಾದಿತ್ವವನ್ನು ಅವರು ನಿರಾಕರಿಸಿದರು. ಆಳುವ ಪ್ರಭುತ್ವದ ಬಲ ಯಾರ ಬೆನ್ನಿಗಿದೆಯೆಂಬುದು ಎಲ್ಲರಿಗೂ ತಿಳಿದಿತ್ತು. ಆದರೂ ಎರಡು ದಿನಗಳ ಕಾಲ ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ನಡೆಯಿತು. ಮುಂದೆ ಕೈರಾನವಿಯವರು 'ಇಝ್‌ಹಾರುಲ್ ಹಕ್' ಎಂಬ ಅರಬಿ ಗ್ರಂಥದ ಮೂಲಕ ಆ ವಾದವನ್ನು ಮುಂದುವರಿಸಿದರು. ಗ್ರಂಥಕ್ಕೆ ಗ್ರಂಥವೇ ಉತ್ತರವಾಯಿತು.

ಇದಾಗಿ ಎಪ್ಪತ್ತು ವರ್ಷಗಳ ಬಳಿಕ, 1924ರಲ್ಲಿ, ಲಾಹೋರಿನಲ್ಲಿ ಒಂದು ಕಿರುಹೊತ್ತಿಗೆ ಪ್ರಕಟವಾಯಿತು. ಅದರ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅದರ ಮೇಲೆ ಲೇಖಕನ ಹೆಸರಿರಲಿಲ್ಲ, ಪ್ರಕಾಶಕ ರಾಜಪಾಲ್. ಪ್ರವಾದಿ ಮುಹಮ್ಮದ್(ಸ)ರ ದಾಂಪತ್ಯ ಜೀವನವೇ ಅದರ ವಸ್ತು. ಅದರಲ್ಲಿ ಪ್ರಶ್ನೆಯೂ ಇರಲಿಲ್ಲ, ಉತ್ತರದ ನಿರೀಕ್ಷೆಯೂ ಇರಲಿಲ್ಲ. ಹೊಗಳಿಕೆಯ ಸೋಗಿನಲ್ಲಿ ಅಪಹಾಸ್ಯ ಮಾಡುವುದೇ ಅದರ ರೀತಿಯಾಗಿತ್ತು.

ಆ ಕಾಲವನ್ನೂ ನಾವು ನೆನಪಿಡಬೇಕು. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳಲ್ಲಿ ಹೆಗಲೆಣೆಯಾಗಿದ್ದ ಹಿಂದೂ ಮುಸ್ಲಿಮರು ಕೆಲವೇ ವರ್ಷಗಳಲ್ಲಿ ದೂರವಾಗಿದ್ದರು. ಒಂದೆಡೆ ಶುದ್ಧಿ ಮತ್ತು ಸಂಘಟನ್, ಇನ್ನೊಂದೆಡೆ ತಬ್ಲೀಗ್ ಮತ್ತು ತಂಝೀಮ್. ಪರಸ್ಪರ ನಿಂದನೆಯ ಕರಪತ್ರಗಳು ಎರಡೂ ಕಡೆಯಿಂದ ಬರುತ್ತಿದ್ದವು. ಸೀತಾದೇವಿಯನ್ನು ಅವಮಾನಿಸಿದ ಕರಪತ್ರವೊಂದಕ್ಕೆ ಪ್ರತೀಕಾರವಾಗಿ ಈ ಹೊತ್ತಿಗೆ ಬಂತೆಂದು ಹೇಳುವವರಿದ್ದಾರೆ. ಆ ಕಾಲದ ಕೊಳಕಿನಲ್ಲಿ ನಮ್ಮವರ ಪಾಲೂ ಇತ್ತೆಂಬುದನ್ನು ಒಪ್ಪಿಕೊಳ್ಳದೆ ಈ ಇತಿಹಾಸವನ್ನು ಹೇಳುವುದು ನ್ಯಾಯವಾಗದು. ಅಲ್ಲಾಹನ ಹೊರತು ಇತರರು ಆರಾಧಿಸುವವುಗಳನ್ನು ನಿಂದಿಸಬಾರದೆಂದು ಕುರ್‌ಆನಿನ ಅನ್‌ಆಮ್ ಅಧ್ಯಾಯದ 108ನೇ ಸೂಕ್ತ ಸ್ಪಷ್ಟವಾಗಿ ತಡೆದಿದೆ. ನಿಂದನೆಯು ಮರುನಿಂದನೆಯನ್ನು ಕರೆತರುತ್ತದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ.

ಗಾಂಧೀಜಿ 1924ರಲ್ಲೇ ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಈ ಹೊತ್ತಿಗೆಯನ್ನು ಖಂಡಿಸಿದರು. ಸರಕಾರವು ಭಾರತೀಯ ದಂಡ ಸಂಹಿತೆಯ 153ಎ ಕಲಮಿನಡಿ ಮೊಕದ್ದಮೆ ಹೂಡಿತು. ಕೆಳ ನ್ಯಾಯಾಲಯವು ಪ್ರಕಾಶಕನಿಗೆ ಶಿಕ್ಷೆ ವಿಧಿಸಿತು. ಆದರೆ 1927ರ ಮೇ ತಿಂಗಳಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಅವನನ್ನು ಬಿಡುಗಡೆ ಮಾಡಿದರು. ಬರಹದ ಕೆಡುಕನ್ನು ಅವರೇನೂ ಅಲ್ಲಗಳೆಯಲಿಲ್ಲ. ಆದರೆ 153ಎ ಇರುವುದು ಸಮುದಾಯಗಳ ನಡುವೆ ವೈರ ಬಿತ್ತುವುದನ್ನು ತಡೆಯಲು. ಗತಿಸಿದ ಧಾರ್ಮಿಕ ನಾಯಕರ ಮೇಲಿನ ಟೀಕೆ ಎಷ್ಟೇ ಕೀಳಾಗಿದ್ದರೂ ಅದರ ವ್ಯಾಪ್ತಿಗೆ ಬರುವುದಿಲ್ಲವೆಂಬುದು ಅವರ ತರ್ಕ.

ತೀರ್ಪು ಪಂಜಾಬಿನ ಮುಸ್ಲಿಮರನ್ನು ಕೆರಳಿಸಿತು. ನ್ಯಾಯಾಧೀಶರನ್ನು ಟೀಕಿಸಿದ 'ಮುಸ್ಲಿಮ್ ಔಟ್‌ಲುಕ್' ಪತ್ರಿಕೆಯ ಸಂಪಾದಕರು ನ್ಯಾಯಾಂಗ ನಿಂದನೆಗಾಗಿ ಜೈಲು ಸೇರಿದರು. ಅದೇ ವರ್ಷ ಅಮೃತಸರದ 'ರಿಸಾಲಾ ವರ್ತಮಾನ್' ಪತ್ರಿಕೆಯಲ್ಲಿ ಬಂದ ಮತ್ತೊಂದು ನಿಂದನಾತ್ಮಕ ಲೇಖನದ ವಿಚಾರದಲ್ಲಿ ಹೈಕೋರ್ಟಿನ ಪೀಠವೇ 153ಎಯನ್ನು ಬೇರೆ ರೀತಿಯಲ್ಲಿ ಅರ್ಥೈಸಿ ಶಿಕ್ಷೆ ವಿಧಿಸಿತು. ಒಂದೇ ಕಾನೂನು, ಒಂದೇ ನ್ಯಾಯಾಲಯ, ಎರಡು ಅರ್ಥ! ಈ ಗೊಂದಲದ ನಡುವೆ 1927ರ ಸೆಪ್ಟೆಂಬರಿನಲ್ಲಿ ಕೇಂದ್ರ ಶಾಸನಸಭೆಯ ಮುಂದೆ ಹೊಸ ಕಲಮಿನ ಮಸೂದೆ ಬಂದಿತು. ಅದೇ 295ಎ.

ಆ ಚರ್ಚೆಯಲ್ಲಿ ಮುಹಮ್ಮದಲಿ ಜಿನ್ನಾ ತಾಳಿದ ನಿಲುವು ಗಮನಾರ್ಹ. ಕಾನೂನನ್ನು ಅವರು ಬೆಂಬಲಿಸಿದರು. ಆದರೆ ಐತಿಹಾಸಿಕ ಸಂಶೋಧನೆಯಲ್ಲಿ ತೊಡಗಿದವರು, ಸತ್ಯವನ್ನು ಅರಸುವವರು, ಪ್ರಾಮಾಣಿಕವಾಗಿ ಒಂದು ಧರ್ಮವನ್ನು ವಿಮರ್ಶಿಸುವವರು ಇದರ ಬಲೆಗೆ ಬೀಳಬಾರದೆಂದು ಎಚ್ಚರಿಸಿದರು. ಕಲಮಿನ ಅಂತಿಮ ರೂಪದಲ್ಲಿ 'ಉದ್ದೇಶಪೂರ್ವಕ ಮತ್ತು ದುರುದ್ದೇಶದ' ಕೃತ್ಯವೆಂಬ ಎರಡು ಷರತ್ತುಗಳು ಸೇರಿದವು. ಯಾರದೋ ಮನಸ್ಸಿಗೆ ನೋವಾಯಿತೆಂಬುದಷ್ಟೇ ಅಪರಾಧಕ್ಕೆ ಸಾಲದು. ನೋಯಿಸುವುದೇ ಗುರಿಯಾಗಿತ್ತೆಂಬುದು ರುಜುವಾತಾಗಬೇಕು.

ಇತಿಹಾಸ ಅಲ್ಲಿಗೆ ನಿಲ್ಲಲಿಲ್ಲ. 1929ರ ಎಪ್ರಿಲ್ 6ರಂದು ಇಲ್ಮುದ್ದೀನ್ ಎಂಬ ಬಡಗಿಯ ಮಗ ರಾಜಪಾಲನನ್ನು ಇರಿದು ಕೊಂದನು. ಹೈಕೋರ್ಟಿನ ಮೇಲ್ಮನವಿಯಲ್ಲಿ ಅವನ ಪರ ವಾದಿಸಿದವರು ಜಿನ್ನಾ. ಮೇಲ್ಮನವಿ ವಿಫಲವಾಗಿ ಅದೇ ವರ್ಷದ ಅಕ್ಟೋಬರ್ 31ರಂದು ಅವನನ್ನು ಗಲ್ಲಿಗೇರಿಸಲಾಯಿತು. ಅವನನ್ನು ವೀರನೆಂದು ಕೊಂಡಾಡಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಸಾವಧಾನವಾಗಿ ಯೋಚಿಸಿರಿ. ಕಾನೂನು ಆಗಲೇ ಬದಲಾಗಿತ್ತು. ಸಮುದಾಯದ ಅಹವಾಲನ್ನು ಶಾಸನಸಭೆ ಆಲಿಸಿತ್ತು. ಆ ಚೂರಿ ಪ್ರವಾದಿಯವರ(ಸ) ಗೌರವಕ್ಕೆ ಏನನ್ನೂ ಸೇರಿಸಲಿಲ್ಲ. ತಾಯಿಫಿನಲ್ಲಿ ಕಲ್ಲೇಟು ತಿಂದು ನೆತ್ತರು ಸುರಿಸಿಯೂ ಆ ಜನರ ನಾಶವನ್ನು ಬಯಸದ ಪ್ರವಾದಿಯವರ(ಸ) ಹೆಸರಿನಲ್ಲಿ ಒಂದು ಕೊಲೆ ನಡೆಯಿತು, ಅಷ್ಟೇ.

ಸ್ವತಂತ್ರ ಭಾರತದಲ್ಲಿ 295ಎ ಕಲಮಿನ ಸಿಂಧುತ್ವವನ್ನು ಸುಪ್ರೀಮ್ ಕೋರ್ಟು 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅರಿಯದೆ ಅಥವಾ ಅಜಾಗರೂಕತೆಯಿಂದ ಆದ ಅವಮಾನ ಅಪರಾಧವಲ್ಲ, ದುರುದ್ದೇಶದ ಉಗ್ರ ಸ್ವರೂಪದ ಅವಮಾನ ಮಾತ್ರ ಶಿಕ್ಷಾರ್ಹ ಎಂದಿತು. 2014ರಲ್ಲಿ ಪ್ರವಾಸಿ ಭಲಾಯಿ ಸಂಘಟನ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಮುಖ್ಯ ಅಂಶವನ್ನು ಗುರುತಿಸಿತು: ದ್ವೇಷದ ಮಾತು ಒಂದು ಸಮೂಹದ ಸಾಮಾಜಿಕ ಸ್ಥಾನವನ್ನೇ ಕುಗ್ಗಿಸಿ, ಚರ್ಚೆಯಲ್ಲಿ ಉತ್ತರಿಸುವ ಅದರ ಸಾಮರ್ಥ್ಯವನ್ನು ಕುಂದಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 295ಎ ಕಲಮು 299 ಆಗಿದೆ. ಆ ಎರಡು ಷರತ್ತುಗಳು ಈಗಲೂ ಉಳಿದಿವೆ.

ಹಾಗಾದರೆ ಗಡಿ ಎಲ್ಲಿದೆ? ಆಗ್ರಾ ಮತ್ತು ಲಾಹೋರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಮಾತಿನ ಕಠೋರತೆ ಗಡಿಯಲ್ಲ. ಫಾಂಡರರ ಮಾತು ಕಠೋರವೇ ಆಗಿತ್ತು. ಕೇಳುವವನ ನೋವೂ ಗಡಿಯಲ್ಲ. ಆಗ್ರಾದಲ್ಲಿ ಎರಡೂ ಕಡೆಯವರು ನೊಂದಿರಬಹುದು. ಆಗ್ರಾದ ವಾದಿ ತನ್ನ ಹೆಸರು ಹೇಳಿಕೊಂಡು ಎದುರಾಳಿಯ ಮುಂದೆ ಕುಳಿತನು, ಅವನ ಉತ್ತರವನ್ನು ಕೇಳಿದನು. ಲಾಹೋರಿನ ಲೇಖಕ ಹೆಸರನ್ನು ಮರೆಮಾಚಿ, ಪರರ ವಿಶ್ವಾಸವನ್ನು ಸ್ವಪಕ್ಷದವರ ನಗೆಗೆ ಒಡ್ಡಿದನು. ಒಂದು ವಿಚಾರವನ್ನು ತಪ್ಪೆನ್ನುವುದು ಚರ್ಚೆ. ಆ ವಿಚಾರವನ್ನು ನಂಬುವ ಮನುಷ್ಯರನ್ನೇ ಗೌರವಕ್ಕೆ, ನೆರೆಹೊರೆಯ ಬಾಳ್ವೆಗೆ ಅನರ್ಹರೆಂದು ಸಾರಿದಾಗ ಅದು ದ್ವೇಷ.

ಈ ಅಳತೆಗೋಲನ್ನು ನಾವು ನಮಗೂ ಅನ್ವಯಿಸಿಕೊಳ್ಳಬೇಕಾಗಿದೆ. ನಮ್ಮ ಧರ್ಮದ ಕುರಿತು ಕಠಿಣ ಪ್ರಶ್ನೆ ಕೇಳುವವರನ್ನೆಲ್ಲ ಕಾನೂನಿನ ಮುಂದೆ ಎಳೆದರೆ, ನಾಳೆ ಇತರರ ನಂಬಿಕೆಯನ್ನು ವಿಮರ್ಶಿಸುವ ನಮ್ಮ ಮಾತಿಗೂ ಅದೇ ಸಂಕೋಲೆ ಬೀಳುವುದು. ಒಂದು ಸಮುದಾಯದ ಬಹಿಷ್ಕಾರಕ್ಕೆ, ಹಿಂಸೆಗೆ ಕರೆ ಕೊಡುವವರ ವಿರುದ್ಧ, ಆ ಸಮುದಾಯ ಯಾವುದೇ ಆಗಿರಲಿ, ಕಾನೂನಿನ ಮೊರೆ ಹೋಗುವುದು ಪೌರರ ಹಕ್ಕೂ ಹೌದು, ಹೊಣೆಯೂ ಹೌದು. ಆದರೆ ಪ್ರಶ್ನೆ ಕೇಳಿದವನಿಗೆ ಕೊಡಬೇಕಾದದ್ದು ಉತ್ತರ. ಕೈರಾನವಿಯವರು ಆಗ್ರಾಕ್ಕೆ ಹೋದಾಗ ಎದುರಾಳಿಯ ಗ್ರಂಥಗಳನ್ನು ಓದಿ ಸಿದ್ಧರಾಗಿ ಹೋಗಿದ್ದರು. ಅಷ್ಟು ಓದುವ ಸಹನೆ ನಮ್ಮಲ್ಲಿ ಎಷ್ಟು ಮಂದಿಗೆ ಇಂದು ಇದೆ?