ಮನೆ ಸರ್ವರ್

ಫೋಟೊ, ಕಡತ, ಹಾಡುಗಳನ್ನು ಬೇರೆ ಕಂಪನಿಯ ಕ್ಲೌಡ್‌ಗೆ ಒಪ್ಪಿಸದೆ ಸ್ವಂತ ಕಂಪ್ಯೂಟರಿನಲ್ಲೇ ಇಟ್ಟು ನಡೆಸುವ ಹವ್ಯಾಸ. ಸೆಲ್ಫ್ ಹೋಸ್ಟಿಂಗ್ ಎಂದೂ ಕರೆಯುತ್ತಾರೆ. ಇದರ ತಳಹದಿ ಸಾಮಾನ್ಯವಾಗಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬಿಡುಗಡೆ ಮಾಡಿದರು; 1993ರಲ್ಲಿ ಅದರ ಮೇಲೆ ಕಟ್ಟಿದ ಡೆಬಿಯನ್ ಎಂಬ ವಿತರಣೆ ಬಂತು.

ದುಬಾರಿ ಯಂತ್ರ ಬೇಕಿಲ್ಲ. ಮೂಲೆಗೆ ಸೇರಿದ ಹಳೆಯ ಲ್ಯಾಪ್‌ಟಾಪ್ ಸಾಕು. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಹಾಡು-ಸಿನಿಮಾಗಳಿಗೆ ಜೆಲ್ಲಿಫಿನ್ ಹಾಕಿಕೊಳ್ಳಬಹುದು. ಎರಡೂ ಮುಕ್ತ ತಂತ್ರಾಂಶಗಳು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಲ್ಯಾಪ್‌ಟಾಪೇ ಮೇಲು. ಮಳೆಗಾಲದಲ್ಲಿ ಕರೆಂಟ್ ಹೋದರೂ ಬ್ಯಾಟರಿ ಸ್ವಲ್ಪ ಹೊತ್ತು ಕೈಹಿಡಿಯುತ್ತದೆ. ನಿಜವಾದ ತೊಡಕು ಇಂಟರ್ನೆಟ್ಟಿನದು. ಅನೇಕ ಸೇವಾದಾರರು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದರಿಂದ ಹೊರಗಿನಿಂದ ಮನೆಯ ಸರ್ವರ್ ನೇರವಾಗಿ ಸಿಗುವುದಿಲ್ಲ. ಆಗ ಸಣ್ಣದೊಂದು ಬಾಡಿಗೆ ಸರ್ವರ್ ಹಿಡಿದು, ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಸುರಂಗ ಹಾಕಬೇಕು. ಇನ್ನೊಂದು ಡಿಸ್ಕಿನಲ್ಲಿ ಬ್ಯಾಕಪ್ ಇಡದಿದ್ದರೆ ಈ ಹವ್ಯಾಸಕ್ಕೆ ಕೈಹಾಕಲೇಬಾರದು.

ಈ ಹವ್ಯಾಸದ ತಳಹದಿಯಾದ ಲಿನಕ್ಸ್ ಕನ್ನಡಿಗರಿಗೆ ಹತ್ತಿರವಾದದ್ದರ ಹಿಂದೆ ಸ್ವಯಂಸೇವಕರ ದೊಡ್ಡ ದುಡಿಮೆಯಿದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಜಾಡಿನಲ್ಲೇ ಬಂದ ಕಗಪ ಎಂಬ ವಿನ್ಯಾಸ, ಎಂ17ಎನ್ ಎಂಬ ಬಹುಭಾಷಾ ಟೈಪಿಂಗ್ ತಂತ್ರಾಂಶದ ಮೂಲಕ ಲಿನಕ್ಸಿಗೂ ಸೇರಿದೆ. ಇದರಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ತಾನಾಗಿಯೇ ಸೇರಿಕೊಳ್ಳುತ್ತದೆ: ಎಚ್, ದೊಡ್ಡ ಎ, ಎಸ್, ಎನ್ ಒತ್ತಿದರೆ ‘ಹಾಸನ’ ಮೂಡುತ್ತದೆ.