ರಾಗಿ ಹೊಲ, ಬದನೆ ತಾಕು: ಬೆಂಗಳೂರು ಗ್ರಾಮಾಂತರದಲ್ಲಿ ಬೀಜದ ಒಡೆತನದ ಚರಿತ್ರೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಕೆಂಪು ನೆಲದಲ್ಲಿ ಕಳೆದ ಅರ್ಧ ಶತಮಾನದಿಂದ ಎರಡು ಬಗೆಯ ಬೀಜಗಳು ಒಂದೇ ಕುಟುಂಬದ ಜಮೀನಿನಲ್ಲಿ ಅಕ್ಕಪಕ್ಕದಲ್ಲೇ ಬಾಳುತ್ತ ಬಂದಿವೆ. ಮಳೆಯನ್ನೇ ನಂಬಿದ ಖುಷ್ಕಿ ಹೊಲದಲ್ಲಿ ಬಿತ್ತುವ ರಾಗಿಯ ಬೀಜವನ್ನು ರೈತ ತನ್ನ ಕಣದಿಂದಲೇ ಎತ್ತಿಡಬಹುದು; ಕೊಳವೆಬಾವಿಯ ನೀರಿನಲ್ಲಿ ಬೆಂಗಳೂರಿನ ಮಾರುಕಟ್ಟೆಗಾಗಿ ಬೆಳೆಯುವ ಟೊಮೆಟೊ, ಕೋಸು, ದಪ್ಪ ಮೆಣಸಿನಕಾಯಿಯ ಬೀಜವನ್ನಾದರೋ ಪ್ರತಿ ಬೆಳೆಗೂ ಅಂಗಡಿಯಿಂದಲೇ ತರಬೇಕು. ಕುಲಾಂತರಿ ಆಹಾರ ಬೆಳೆಗಳ ವಿವಾದ, ಅಂದರೆ ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸಸ್ಯದ ಜೀವಕೋಶಕ್ಕೆ ಸೇರಿಸಿ ರೂಪಿಸಿದ ತಳಿಗಳ ಸುತ್ತಲಿನ ವಿವಾದ, ಈ ಸೀಮೆಯನ್ನು ತಲುಪುವ ಹೊತ್ತಿಗೆ ಬೀಜ ಯಾರದು ಎಂಬ ಪ್ರಶ್ನೆ ಇಲ್ಲಿ ಆಗಲೇ ಹಳೆಯದಾಗಿತ್ತು. ವಿಜ್ಞಾನಕ್ಕೆ ಸಂಬಂಧಿಸಿದ ಆತಂಕಗಳು ಆ ಹಳೆಯ ಪ್ರಶ್ನೆಯ ಮೇಲೆ ಬಂದು ಕುಳಿತವು ಎಂಬುದನ್ನು ಗಮನಿಸದಿದ್ದರೆ ಈ ವಿವಾದದ ತೀವ್ರತೆ ಅರ್ಥವಾಗುವುದಿಲ್ಲ.

ರಾಗಿಯನ್ನು ಈ ನೆಲದ ಮೂಲನಿವಾಸಿಯೆಂದು ಭಾವಿಸುವುದು ಸಹಜವಾದರೂ ಅದು ಪಳಗಿದ್ದು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಲ್ಲಿ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಮೇಲೆ ದಕ್ಷಿಣದ ಬಯಲುಸೀಮೆಯ ಮಣ್ಣು, ಮಳೆ ಮತ್ತು ಒಕ್ಕಲು ಮನೆಗಳ ಆಯ್ಕೆಗೆ ಒಳಗಾಗಿ ಅದು ನೂರಾರು ನಾಟಿ ತಳಿಗಳಾಗಿ ಒಡೆಯಿತು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರು ಸುತ್ತಲಿನ ಖುಷ್ಕಿ ಬೆಳೆಗಳಲ್ಲಿ ರಾಗಿಗೇ ಮೊದಲ ಸ್ಥಾನ ಕೊಟ್ಟು, ಅದರಲ್ಲಿ ಕರಿ, ಕೆಂಪು ಮುಂತಾದ ಬಗೆಗಳನ್ನು ಹೆಸರಿಸಿ, ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವ ಪದ್ಧತಿಯನ್ನು ವಿವರವಾಗಿ ದಾಖಲಿಸಿದ. ಇಂದಿಗೂ ಅಕ್ಕಡಿ ಸಾಲು ಎಂದೇ ಕರೆಯಲಾಗುವ ಈ ಪದ್ಧತಿಯಲ್ಲಿ ಕೂರಿಗೆಯಿಂದ ರಾಗಿ ಬಿತ್ತಿ, ಕೆಲವು ಸಾಲಿಗೊಮ್ಮೆ ಸಡ್ಡೆಯಿಂದ ಕಾಳಿನ ಬೀಜ ಬಿಡುವುದರಿಂದ, ಮಳೆ ಕೈಕೊಟ್ಟ ವರ್ಷವೂ ಮನೆಗೆ ಏನಾದರೊಂದು ಬರುತ್ತಿತ್ತು. ಒಕ್ಕಣೆಯಾದ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಬಾಯಿ ಕಿರಿದಾದ ಗುಳಿಯಲ್ಲಿ, ಹುಳ ಮುಟ್ಟದಂತೆ ವರ್ಷಗಟ್ಟಲೆ ಕಾಪಿಡಲು ಸಾಧ್ಯವಿದ್ದುದರಿಂದ ಬರಗಾಲದಲ್ಲಿ ಊಟವೂ ಬರಗಾಲದ ನಂತರ ಬಿತ್ತನೆಯೂ ಊರಿನೊಳಗೇ ಉಳಿಯುತ್ತಿದ್ದವು, ಬೀಜಕ್ಕಾಗಿ ನೆರೆಹೊರೆಯಲ್ಲಿ ಕೊಳುಕೊಡೆ ನಡೆಯುತ್ತಿತ್ತೇ ಹೊರತು ವ್ಯಾಪಾರ ವಿರಳವಾಗಿತ್ತು.

ಈ ಮನೆಬೀಜದ ವ್ಯವಸ್ಥೆಯೊಳಗೆ ಸರ್ಕಾರದ ವಿಜ್ಞಾನ ಪ್ರವೇಶಿಸಿದ್ದು ಹೆಬ್ಬಾಳದ ಮೂಲಕ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ನೀಡಿದ 30 ಎಕರೆ ಭೂಮಿಯಲ್ಲಿ ಪ್ರಾಯೋಗಿಕ ಕೃಷಿ ಕೇಂದ್ರವೊಂದು ಆರಂಭವಾಯಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಅದು ಗಟ್ಟಿಯಾಗಿ ನೆಲೆಯೂರಿತು. ಆರಂಭದ ದಶಕಗಳ ಕೆಲಸ ಬಹುಮಟ್ಟಿಗೆ ಆಯ್ಕೆಯದು: ರೈತರ ಹೊಲಗಳಿಂದ ತಂದ ರಾಗಿಯಲ್ಲಿ ಒಳ್ಳೆಯ ಗಿಡಗಳನ್ನು ಗುರುತಿಸಿ, ಅವುಗಳ ಸಂತತಿಯನ್ನು ಪ್ರತ್ಯೇಕವಾಗಿ ಬೆಳೆಸಿ, ಮತ್ತೆ ರೈತರಿಗೇ ಹಂಚುವುದು. ಎರಡು ತಳಿಗಳನ್ನು ಕೂಡಿಸಿ ಹೊಸದನ್ನು ಪಡೆಯುವ ಸಂಕರಣ ರಾಗಿಯಲ್ಲಿ ಬಹಳ ಕಷ್ಟದ ಕೆಲಸವಾಗಿತ್ತು. ರಾಗಿಯ ಹೂವು ಸಾಸಿವೆಗಿಂತ ದೊಡ್ಡದೇನಲ್ಲ, ಅದು ನಸುಕಿನಲ್ಲಿ ಅರಳುವ ಹೊತ್ತಿಗೆ ತನ್ನದೇ ಪರಾಗದಿಂದ ಫಲಿತವಾಗಿಬಿಡುತ್ತದೆ, ಆದ್ದರಿಂದ ಹೊರಗಿನ ಪರಾಗ ಸೇರಿಸಬೇಕೆಂದರೆ ಅದಕ್ಕೂ ಮೊದಲೇ ಗಂಡುಭಾಗವನ್ನು ನಿಷ್ಕ್ರಿಯಗೊಳಿಸಬೇಕು.

ಆ ಕಷ್ಟವನ್ನು ತಾಳ್ಮೆಯಿಂದ ಗೆದ್ದವರು ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ, ಜನ ಪ್ರೀತಿಯಿಂದ ರಾಗಿ ಲಕ್ಷ್ಮಣಯ್ಯ ಎಂದೇ ಕರೆದ ತಳಿವಿಜ್ಞಾನಿ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳ ನಂತರ ಅವರು ದಪ್ಪ ತೆನೆ ಮತ್ತು ಗಟ್ಟಿ ಕಾಂಡದ ಆಫ್ರಿಕಾದ ರಾಗಿಯನ್ನು ಇಲ್ಲಿನ ತಳಿಗಳೊಂದಿಗೆ ಕೂಡಿಸಿ ಇಂಡಾಫ್ ಸರಣಿಯನ್ನು ರೂಪಿಸಿದರು. ಸಾವಿರಾರು ವರ್ಷಗಳ ಹಿಂದೆ ಬೇರ್ಪಟ್ಟ ಎರಡು ಬಳಗಗಳು ಹೀಗೆ ಮಂಡ್ಯದಲ್ಲಿ ಮತ್ತೆ ಸೇರಿದವು, 1970ರ ದಶಕದಲ್ಲಿ ಅವು ಬೆಂಗಳೂರು ಸುತ್ತಲಿನ ಹೊಲಗಳಿಗೂ ಹಬ್ಬಿದವು. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಿಂದ, ಅಂದರೆ ಜಿಕೆವಿಕೆಯಿಂದ, ಇಂಡಾಫ್-5ರ ರಕ್ತವನ್ನೇ ಹಂಚಿಕೊಂಡ ಜಿಪಿಯು-28 ಬಂತು. ರಾಗಿಯ ದೊಡ್ಡ ಶತ್ರುವಾದ, ತೆನೆಯ ಕುತ್ತಿಗೆಯನ್ನೇ ಕಪ್ಪಾಗಿಸಿ ಕಾಳು ಜೊಳ್ಳು ಮಾಡುವ ಬೆಂಕಿ ರೋಗವನ್ನು ತಡೆದುಕೊಳ್ಳುವ ಶಕ್ತಿಯಿಂದಾಗಿ ಅದು ರಾಜ್ಯದಲ್ಲಿ ಅತಿ ಹೆಚ್ಚು ಬಿತ್ತನೆಯಾಗುವ ರಾಗಿ ತಳಿಗಳಲ್ಲೊಂದಾಯಿತು.

ಇಲ್ಲಿ ಒಂದು ತಾಂತ್ರಿಕ ವಿವರವನ್ನು ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಮುಂದಿನ ಚರಿತ್ರೆಯೆಲ್ಲ ಅದರ ಮೇಲೆ ನಿಂತಿದೆ. ಇಂಡಾಫ್ ಆಗಲಿ ಜಿಪಿಯು-28 ಆಗಲಿ ಸಂಕರಣದಿಂದ ಹುಟ್ಟಿದರೂ ಹೈಬ್ರಿಡ್ ಬೀಜಗಳಲ್ಲ. ಸಂಕರಣದ ನಂತರ ಅನೇಕ ತಲೆಮಾರು ಆಯ್ಕೆ ಮಾಡಿ ಗುಣಗಳನ್ನು ಸ್ಥಿರಗೊಳಿಸಿದ ತಳಿಗಳಾದ್ದರಿಂದ, ಒಮ್ಮೆ ಬೀಜ ತಂದ ರೈತ ವರ್ಷಾನುವರ್ಷ ತನ್ನ ಬೆಳೆಯಿಂದಲೇ ಬಿತ್ತನೆ ತೆಗೆದಿಡಬಹುದು. ಹೈಬ್ರಿಡ್ ಎಂಬುದು ಎರಡು ಶುದ್ಧ ಸಾಲುಗಳನ್ನು ಕೂಡಿಸಿದಾಗ ಸಿಗುವ ಮೊದಲ ಪೀಳಿಗೆಯ ಬೀಜ. ಆ ಪೀಳಿಗೆಯ ಗಿಡಗಳು ಹುಲುಸಾಗಿ, ಒಂದೇ ಅಳತೆಯಲ್ಲಿ ಬೆಳೆದರೂ ಅವುಗಳ ಬೀಜವನ್ನು ಮರುಬಿತ್ತಿದರೆ ಗುಣಗಳು ಚೆದುರುತ್ತವೆ. ರಾಗಿಯ ಮಾರ್ಗದಲ್ಲಿ ಸಾರ್ವಜನಿಕ ಹಣದಿಂದ ನಡೆದ ವಿಜ್ಞಾನ ರೈತನ ಸ್ವಾತಂತ್ರ್ಯವನ್ನು ಮುಟ್ಟದೆ ಇಳುವರಿ ಹೆಚ್ಚಿಸಿತು, ಮತ್ತು ಈ ಸಾಧನೆಗೆ ಸಿಗಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ. ಅದರ ಬೆಲೆಯೂ ಇತ್ತು: ಹೊಸ ತಳಿಗಳು ಬಂದಂತೆ ನಾಟಿ ರಾಗಿಗಳು ಹೊಲಗಳಿಂದ ಸದ್ದಿಲ್ಲದೆ ಹಿಂದೆ ಸರಿದವು, ಅಕ್ಕಡಿ ಸಾಲುಗಳು ಕಿರಿದಾದವು.

ತರಕಾರಿಯದು ಬೇರೆ ದಾರಿ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1970ರ ದಶಕದಲ್ಲಿ ಟೊಮೆಟೊ ಮತ್ತು ದಪ್ಪ ಮೆಣಸಿನಕಾಯಿಯ ಹೈಬ್ರಿಡ್‌ಗಳನ್ನು ಹೊರತಂದಿತು; ನೆಲಮಂಗಲ ಮತ್ತು ದೊಡ್ಡಬಳ್ಳಾಪುರಗಳಿಗೆ ಹತ್ತಿರದ ಹೆಸರಘಟ್ಟದಲ್ಲಿ ನೆಲೆಗೊಂಡ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಹೆಸರಿನ ತಳಿಗಳನ್ನು ನೀಡಿತು. ಎಲೆಮುದುಡು ನಂಜುರೋಗ, ದುಂಡಾಣು ಸೊರಗು ರೋಗ ಮತ್ತು ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಅಲ್ಲಿಯದೇ, ಅದರಲ್ಲಿ ಯಾವ ಹೊರ ವಂಶವಾಹಿಯೂ ಇಲ್ಲ, ಆದರೆ ಅದು ಹೈಬ್ರಿಡ್. ನಗರ ಬೆಳೆದಂತೆ ಹೊಸಕೋಟೆ, ದೇವನಹಳ್ಳಿಗಳ ರೈತರು ಈ ಬೀಜಗಳಿಂದ ಹಣ ಕಂಡರು, ಅದರ ಜೊತೆಗೆ ಬೀಜದಂಗಡಿಯ ಸಾಲಕ್ಕೂ ಔಷಧಿ ಸಿಂಪಡಣೆಗೂ ಒಗ್ಗಿಕೊಂಡರು.

1988ರ ಹೊಸ ಬೀಜ ನೀತಿ ವಿದೇಶಿ ಬೀಜಗಳಿಗೆ ಬಾಗಿಲು ತೆರೆದ ಮೇಲೆ ಮತ್ತು ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಬೀಜದ ಮೇಲೆ ಬೌದ್ಧಿಕ ಹಕ್ಕಿನ ಮಾತು ತಂದ ಮೇಲೆ, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಈ ಪ್ರಶ್ನೆಯನ್ನು ಬೀದಿಗೆ ತಂದಿತು. 1992ರ ಡಿಸೆಂಬರ್ 29ರಂದು ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್ ಸೀಡ್ಸ್‌ನ ಬೆಂಗಳೂರು ಕಚೇರಿಗೆ ನುಗ್ಗಿದ ಕಾರ್ಯಕರ್ತರು ಕಡತಗಳನ್ನು ಹೊರಗೆಸೆದು ಸುಟ್ಟರು. 1993ರಲ್ಲಿ ಲಕ್ಷಗಟ್ಟಲೆ ರೈತರು ಬೀಜ ಸತ್ಯಾಗ್ರಹದ ಹೆಸರಿನಲ್ಲಿ ಬೆಂಗಳೂರಿನಲ್ಲಿ ನೆರೆದರು. ಆ ಹೊತ್ತಿಗೆ ದೇಶದ ಹೊಲಗಳಲ್ಲಿ ಒಂದೇ ಒಂದು ಕುಲಾಂತರಿ ಬೆಳೆಯೂ ವಾಣಿಜ್ಯ ಮಟ್ಟದಲ್ಲಿ ಇರಲಿಲ್ಲವೆಂಬುದು ನೆನಪಿಡಬೇಕಾದ ಸಂಗತಿ. 1998ರಲ್ಲಿ ಬಿಟಿ ಹತ್ತಿಯೆಂಬ ಕುಲಾಂತರಿ ಹತ್ತಿಯ ಕ್ಷೇತ್ರಪ್ರಯೋಗಗಳು ನಡೆಯುತ್ತಿದ್ದಾಗ ರೈತ ಸಂಘ ರಾಯಚೂರು ಸೀಮೆಯಲ್ಲಿ ಪ್ರಯೋಗದ ಹತ್ತಿಯನ್ನು ಕಿತ್ತು ಸುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ, ಎರಡನೇ ಪೀಳಿಗೆಯ ಬೀಜ ಮೊಳೆಯದಂತೆ ಮಾಡುವ ‘ಟರ್ಮಿನೇಟರ್’ ತಂತ್ರದ ಸುದ್ದಿ ಹಳ್ಳಿ ಹಳ್ಳಿಗೂ ಹರಡಿತ್ತು. ಬಿಟಿ ಹತ್ತಿಯಲ್ಲಿ ಆ ತಂತ್ರ ಇರಲಿಲ್ಲ, ಆದ್ದರಿಂದ ಆ ನಿರ್ದಿಷ್ಟ ಆರೋಪ ತಪ್ಪಾಗಿತ್ತು. ಆದರೆ ಬೀಜ ಎತ್ತಿಡುವ ಹಕ್ಕು ಕೈತಪ್ಪುತ್ತದೆಂಬ ಭಯಕ್ಕೆ ಕಾರಣವಿಲ್ಲದೇ ಇರಲಿಲ್ಲ. ರೈತ ತನ್ನ ಬೆಳೆಯ ಬೀಜವನ್ನು ಉಳಿಸಲು, ಬಿತ್ತಲು, ಹಂಚಲು, ಬ್ರಾಂಡ್ ಹೆಸರಿಲ್ಲದೆ ಮಾರಲು ಅವಕಾಶ ಕೊಟ್ಟ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಹಿಂದೆ ಇಂಥ ಚಳವಳಿಗಳ ಒತ್ತಡವಿದೆ. ಮರುವರ್ಷ, 2002ರ ಮಾರ್ಚ್‌ನಲ್ಲಿ, ಬಿಟಿ ಹತ್ತಿಗೆ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಅನುಮತಿ ದೊರೆಯಿತು.

ಆಹಾರ ಬೆಳೆಯ ಸರದಿ ಬಂದದ್ದು ಬದನೆಯಿಂದ. ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು ಒಳಗೇ ಸೇರಿಕೊಳ್ಳುವುದರಿಂದ ಸಿಂಪಡಿಸಿದ ವಿಷ ಅದಕ್ಕೆ ತಾಗುವುದಿಲ್ಲ, ಹಾಗಾಗಿ ಬೆಳೆಗಾರರು ಮತ್ತೆ ಮತ್ತೆ ಸಿಂಪಡಿಸುತ್ತಾರೆ, ಕೊಯ್ಲಿನ ಹಿಂದಿನ ದಿನವೂ ಸಿಂಪಡಿಸುವುದುಂಟು. ಮಣ್ಣಿನಲ್ಲಿ ಸಹಜವಾಗಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ದುಂಡಾಣುವಿನ ಒಂದು ವಂಶವಾಹಿಯನ್ನು ಬದನೆಗೆ ಸೇರಿಸಿದರೆ ಗಿಡವೇ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಹುಳುವಿನ ಕ್ಷಾರೀಯ ಕರುಳಿನಲ್ಲಿ ಅದು ವಿಷವಾಗಿ ಕೆಲಸ ಮಾಡುತ್ತದೆ, ಮನುಷ್ಯನ ಜಠರದಲ್ಲಿ ಆಮ್ಲದಿಂದ ಜೀರ್ಣವಾಗುತ್ತದೆ, ಅದು ಅಂಟಿಕೊಳ್ಳುವ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ ಎಂಬುದು ವಿಜ್ಞಾನಿಗಳ ವಾದ. ವಿರೋಧಿಗಳು ದೀರ್ಘಕಾಲದ ಪರೀಕ್ಷೆಗಳು ನಡೆದಿಲ್ಲವೆಂದೂ, ನಡೆದ ಪರೀಕ್ಷೆಗಳನ್ನು ಬಿಟಿ ಬದನೆ ರೂಪಿಸಿದ ಮಹಿಕೋ ಬೀಜ ಕಂಪನಿಯೇ ಮಾಡಿಸಿದೆಯೆಂದೂ, ಬದನೆಯ ತವರಾದ ಭಾರತದಲ್ಲಿ ಹೊರ ವಂಶವಾಹಿ ಪರಾಗದ ಮೂಲಕ ನಾಟಿ ಬದನೆಗಳಿಗೆ ದಾಟಿದರೆ ಹಿಂದಕ್ಕೆ ಪಡೆಯಲಾಗದೆಂದೂ ವಾದಿಸಿದರು. ಈ ಮೂರರಲ್ಲಿ ಎರಡನೆಯದಕ್ಕೆ ಸ್ವತಂತ್ರ ಪ್ರಯೋಗಾಲಯಗಳಿಂದ ಸುಲಭವಾಗಿ ಉತ್ತರ ಕೊಡಿಸಬಹುದಿತ್ತು, ಕೊಡಿಸಲಿಲ್ಲ.

ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಅನುಮೋದನಾ ಸಮಿತಿ 2009ರ ಅಕ್ಟೋಬರ್ 14ರಂದು ಈ ಬದನೆಗೆ ಒಪ್ಪಿಗೆ ಸೂಚಿಸಿದಾಗ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಅದರ ಕೊನೆಯ ಸಭೆ 2010ರ ಫೆಬ್ರವರಿ 6ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸೇರಿತು, ಮೂರು ದಿನಗಳ ನಂತರ ಬಿಟಿ ಬದನೆಗೆ ತಡೆ ಬಿತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನೆಲೆಸಿ, ಮನೆಬೀಜ ಮತ್ತು ಸಾವಯವ ಗೊಬ್ಬರದ ಬೇಸಾಯವನ್ನು ತನ್ನ ಜಮೀನಿನಲ್ಲೇ ಮಾಡಿ ತೋರಿಸುತ್ತ ಸಾವಿರಾರು ರೈತರಿಗೆ ಕಲಿಸಿದ ಎಲ್. ನಾರಾಯಣ ರೆಡ್ಡಿಯವರಂಥವರ (ಅವರು 2019ರ ಜನವರಿಯಲ್ಲಿ ತೀರಿಕೊಂಡರು) ಮಾತಿಗೆ ಈ ಸೀಮೆಯಲ್ಲಿ ಆಗ ತೂಕವಿತ್ತು. ಹುಳುವಿನಿಂದ ಕಾಯಿ ಕಳೆದುಕೊಂಡು ಬೇಸತ್ತ ಬೆಳೆಗಾರರ ಮಾತಿಗೂ ಅಷ್ಟೇ ತೂಕ ಸಿಗಬೇಕಿತ್ತು.

ಆ ಗದ್ದಲದಲ್ಲಿ ಬಹುಮಟ್ಟಿಗೆ ಮರೆಯಾದ ಒಂದು ಅಂಶವಿದೆ. ಮಹಿಕೋ ಕಂಪನಿ ಮಾರಬೇಕೆಂದಿದ್ದು ಹೈಬ್ರಿಡ್ ಬದನೆಗಳನ್ನು. ಆದರೆ ಅದೇ ವಂಶವಾಹಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮಲಾಪುರ, ಕುಡಚಿ, ರಬಕವಿ, ಉಡುಪಿಗಳ ಸ್ಥಳೀಯ ಬದನೆಗಳೂ ಸೇರಿದಂತೆ ಆರು ತಳಿಗಳಿಗೆ ಅಳವಡಿಸುತ್ತಿತ್ತು, ಮತ್ತು ಅವು ರೈತರು ಬೀಜ ಎತ್ತಿಡಬಹುದಾದ ತಳಿಗಳಾಗಿದ್ದವು. ರಾಗಿಯ ಮಾರ್ಗದಲ್ಲೇ ಕುಲಾಂತರಿ ತಂತ್ರವೂ ನಡೆಯಬಹುದಿತ್ತೇ ಎಂಬ ಪ್ರಶ್ನೆಗೆ ಇದು ಬಾಗಿಲಾಗಬಹುದಿತ್ತು. ಆದರೆ ವಂಶವಾಹಿಯ ಒಡೆತನ ಕಂಪನಿಯದಾಗಿಯೇ ಉಳಿದಿತ್ತು, ಸ್ಥಳೀಯ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯಡಿ ಪಡೆಯಬೇಕಾದ ಒಪ್ಪಿಗೆಯಿಲ್ಲದೆ ಬಳಸಲಾಗಿದೆಯೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು, ಮತ್ತು ಚರ್ಚೆ ಅಲ್ಲಿಂದ ಕಾನೂನಿನ ದಾರಿ ಹಿಡಿಯಿತು. ನೆರೆಯ ಬಾಂಗ್ಲಾದೇಶ 2013ರಲ್ಲಿ ಅದೇ ವಂಶವಾಹಿಯ ಬದನೆಗೆ ಅನುಮತಿ ನೀಡಿ, ಸರ್ಕಾರಿ ಸಂಸ್ಥೆಯ ಮೂಲಕ ಮರುಬಿತ್ತಬಹುದಾದ ತಳಿಗಳನ್ನು ರೈತರಿಗೆ ತಲುಪಿಸಿತು. ಭಾರತದಲ್ಲಿ 2010ರ ತಡೆ ಇನ್ನೂ ತೆರವಾಗಿಲ್ಲ. ಅದನ್ನು ಹಾಕಿದ್ದು ವಿವೇಕದ ಕೆಲಸವಾಗಿತ್ತು, ಅನುಮಾನಗಳಿಗೆ ಉತ್ತರ ಹುಡುಕದೆ ಅದನ್ನು ಹಾಗೇ ಬಿಟ್ಟಿದ್ದು ರೈತನಿಗೂ ವಿಜ್ಞಾನಕ್ಕೂ ಮಾಡಿದ ಅನ್ಯಾಯ.

ಬೆಂಗಳೂರು ಗ್ರಾಮಾಂತರದ ಹೊಲಗಳಿಗೆ ಕುಲಾಂತರಿ ರಾಗಿ ಬಂದಿಲ್ಲ. ಬೆಂಕಿ ರೋಗ ತಡೆಯಲು ರಾಗಿಗೆ ಹೊರ ವಂಶವಾಹಿ ಸೇರಿಸುವ ಯತ್ನಗಳು ಪ್ರಯೋಗಾಲಯಗಳಲ್ಲೇ ಉಳಿದಿವೆ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಬರ ಸಹಿಸುವ ಎಂಎಲ್-365 ತಳಿಯ ಜೀನೋಮ್, ಅಂದರೆ ಅದರ ಸಮಗ್ರ ವಂಶವಾಹಿ ನಕ್ಷೆಯ ಕರಡನ್ನು ಪ್ರಕಟಿಸಿ, ಅದರಲ್ಲಿ 85,243 ವಂಶವಾಹಿಗಳನ್ನು ಗುರುತಿಸಿದರು. ನಕ್ಷೆ ಕೈಯಲ್ಲಿದ್ದರೆ ಹೊರಗಿನ ವಂಶವಾಹಿ ಸೇರಿಸದೆ ಗಿಡದ್ದೇ ವಂಶವಾಹಿಯನ್ನು ಗೊತ್ತಾದ ಜಾಗದಲ್ಲಿ ತಿದ್ದುವ ಜೀನೋಮ್ ಸಂಪಾದನೆ ಎಂಬ ಹೊಸ ವಿಧಾನಕ್ಕೆ ದಾರಿ ಸುಗಮವಾಗುತ್ತದೆ. ಇಂಥ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. 2022ರ ಮಾರ್ಚ್‌ನಲ್ಲಿ ಬದಲಾದ ನಿಯಮದ ಪ್ರಕಾರ, ಹೊರ ವಂಶವಾಹಿ ಉಳಿಯದಂತೆ ತಿದ್ದಿದ ಇಂಥ ತಳಿಗಳು ಬಿಟಿ ಬದನೆ ಹಾದುಹೋದ ಅನುಮೋದನಾ ಸಮಿತಿಯ ಮುಂದೆ ಬರಬೇಕಾಗಿಲ್ಲ. ನಾಳೆ ಜಿಕೆವಿಕೆಯಿಂದ ತಿದ್ದಿದ ರಾಗಿಯೊಂದು ಹೊರಬಂದರೆ, ಅದರ ಬೀಜವನ್ನು ದೇವನಹಳ್ಳಿಯ ರೈತ ತನ್ನ ಕಣದಿಂದ ಎತ್ತಿಡಬಹುದೇ, ತಿದ್ದುವ ತಂತ್ರದ ಪೇಟೆಂಟ್ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಗಳನ್ನು ಕೇಳಲು ಸೆಂಟ್ರಲ್ ಕಾಲೇಜಿನಲ್ಲಿ ಸೇರಿದಂಥ ಸಭೆಯೊಂದು ನಡೆಯಲೇಬೇಕೆಂಬ ಕಟ್ಟಳೆ ಈಗಿನ ನಿಯಮದಲ್ಲಿ ಇಲ್ಲ.